ನೆನೆದ ಕಾರ್ಪೆಟ್‌ನ ಮುಗ್ಗಲು ವಾಸನೆ

ಮಡಿಕೇರಿ ಮನೆಯಲ್ಲಿ ಮಳೆನೀರು ಸೋರಿ ಕಾರ್ಪೆಟ್ ನೆನೆದಿದೆ, ಸೋಡಾ ಹಾಕಿದರೂ ಮುಗ್ಗಲು ವಾಸನೆ ಹೋಗಿಲ್ಲ ಅಂದಿದ್ದೀರಿ. ವಾಸನೆ ಕೂತಿರುವುದು ಅಡಿಯಲ್ಲಿ. ಮೂಲೆ ಎತ್ತಿ ನೋಡಿ: ಕೆಳಗಿನ ಫೋಮ್ ಒತ್ತಿದರೆ ನೀರು ಜಿನುಗುತ್ತದೆಯೇ, ಕಪ್ಪು ಚುಕ್ಕೆ ಇದೆಯೇ? ಎರಡು ದಿನ ದಾಟಿ ನೆನೆದಿದ್ದರೆ ಫೋಮ್ ಉಳಿಸಲು ಹೋಗಬೇಡಿ, ಬಿಸಾಡಿ. ಕಾರ್ಪೆಟ್ಟನ್ನು ಕುರ್ಚಿಗಳ ಮೇಲೆ ಹರಡಿ, ಎರಡೂ ಬದಿಗೆ ಫ್ಯಾನ್ ಗಾಳಿ ಬಿಡಿ. ಕಕ್ಕಡದ (ಕೊಡಗಿನಲ್ಲಿ ಜುಲೈ-ಆಗಸ್ಟ್‌ನ ಜೋರುಮಳೆಯ ತಿಂಗಳು) ಮಳೆಯಲ್ಲಿ ಕಿಟಕಿ ತೆರೆದರೆ ತೇವವೇ ಒಳಗೆ ಬರುತ್ತದೆ; ಮುಚ್ಚಿ, ಗಾಳಿಯ ತೇವ ಹೀರುವ ಡಿಹ್ಯೂಮಿಡಿಫೈಯರ್ ಯಂತ್ರ ಇಡಿ. ಬಿಳಿ ವಿನೆಗರ್, ನೀರು ಸಮಪಾಲು ಬೆರೆಸಿ ಹಿಂಬದಿಗೆ ತೆಳುವಾಗಿ ಸಿಂಪಡಿಸಿ. ಬಣ್ಣ ಬಿಡುತ್ತದೆಯೇ ಎಂದು ಮೊದಲು ಮೂಲೆಯಲ್ಲಿ ನೋಡಿ. ಬ್ಲೀಚ್ ಜೊತೆ ಖಂಡಿತ ಬೆರೆಸಬೇಡಿ, ವಿಷಾನಿಲ ಏಳುತ್ತದೆ. ಪೂರ್ತಿ ಒಣಗಿದ ಮೇಲಷ್ಟೇ ಅಡುಗೆ ಸೋಡಾ ಉದುರಿಸಿ, ರಾತ್ರಿಯಿಡೀ ಬಿಟ್ಟು ವ್ಯಾಕ್ಯೂಮ್ ಮಾಡಿ. ಒದ್ದೆಯ ಮೇಲೆ ಬಿದ್ದ ಸೋಡಾ ಗಟ್ಟಿಯಾಗಿ ನೂಲಿಗೆ ಅಂಟುತ್ತದೆ. ನಿಮಗೆ ಆದದ್ದು ಅದೇ ಇರಬೇಕು.