ಮೊಸರಲ್ಲಿ ಕಲ್ಲು ಹುಡುಕುವವರ ಪಕ್ಕದಲ್ಲಿ

ಬಾಯಿ ತೆರೆದರೆ ಕೆಟ್ಟದ್ದನ್ನೇ ಆಡುವವರ ಜೊತೆ ದಿನನಿತ್ಯ ಏಗುವುದು ಹೇಗೆ ಎಂದು ಕೇಳಿದ್ದೀರಿ. ಅಂಥವರನ್ನು ದೂರವಿಡಿ ಎನ್ನುವವರು ಬೇಕಾದಷ್ಟು ಸಿಗುತ್ತಾರೆ. ಪಕ್ಕದ ಕುರ್ಚಿಯಲ್ಲೇ ಕುಳಿತವರನ್ನು ಎಷ್ಟು ದೂರ ಇಡುವುದು?

ನನ್ನ ಪಕ್ಕ ಆರು ವರ್ಷ ಅಂಥ ಹಿರಿಯ ಸಹೋದ್ಯೋಗಿಯೊಬ್ಬರಿದ್ದರು. ನನಗೆ ಬಡ್ತಿಯ ಪತ್ರ ಬಂದ ದಿನ ಕನ್ನಡಕ ಏರಿಸಿ ಪೂರ್ತಿ ಓದಿದರು, ನೀಟಾಗಿ ಮಡಿಚಿ ಹಿಂದಿರುಗಿಸುತ್ತಾ, "ಇನ್ನು ನಿಮಗೂ ಬಿ.ಪಿ. ಮಾತ್ರೆ ಶುರು ಎನ್ನಿ" ಎಂದರು.

ಮೊದಮೊದಲು ಅವರ ಗೋಳಿಗೆಲ್ಲ ನಾನು ಪರಿಹಾರ ಸೂಚಿಸುತ್ತಿದ್ದೆ. ಬೆನ್ನುನೋವೇ, ವೈದ್ಯರಿಗೆ ತೋರಿಸಿ. "ತೋರಿಸಬಹುದು, ಆದರೆ ರಜೆ ಯಾರು ಕೊಡುತ್ತಾರೆ?" ಭಾನುವಾರ ಹೋಗಿ. "ಹೌದು, ಆದರೆ ಭಾನುವಾರ ಒಳ್ಳೆಯ ವೈದ್ಯರು ಸಿಗಬೇಕಲ್ಲ." ಐದಾರು ಸುತ್ತು ಹೀಗೆ ನಡೆದ ಮೇಲೆ ಅವರು ಹಗುರಾಗಿ ಕೆಲಸಕ್ಕೆ ತೊಡಗುತ್ತಿದ್ದರು, ತಲೆನೋವು ನನಗೆ ಉಳಿಯುತ್ತಿತ್ತು. ಮನೋವೈದ್ಯ ಎರಿಕ್ ಬರ್ನ್ 1964ರಷ್ಟು ಹಿಂದೆಯೇ ಈ 'ಹೌದು, ಆದರೆ' ಸಂಭಾಷಣೆಯನ್ನು ಒಂದು ಆಟವೆಂದು ವಿವರಿಸಿದ್ದರು. ಎದುರಿನವರು ಮುಂದಿಟ್ಟ ಒಂದೊಂದು ಪರಿಹಾರವನ್ನೂ ತಳ್ಳಿಹಾಕುವುದರಲ್ಲೇ ಗೋಳು ಹೇಳುವವರಿಗೆ ಸಮಾಧಾನವಂತೆ. ಓದಿ ನಗು ಬಂತು. ಆ ಆಟಕ್ಕೆ ಚೆಂಡು ಎಸೆದುಕೊಡುತ್ತಿದ್ದವನು ನಾನೇ.

ಅಂದಿನಿಂದ ಸಲಹೆ ಬಿಟ್ಟೆ. "ಕಷ್ಟವೇ ಸರಿ. ಏನು ಮಾಡಬೇಕೆಂದಿದ್ದೀರಿ?" ಎಂದು ಕೇಳಿ ಸುಮ್ಮನಾಗುತ್ತಿದ್ದೆ. ಈ ಸುಮ್ಮನಿರುವುದೇ ದೊಡ್ಡ ಕೆಲಸ, ನಾಲಿಗೆ ತುರಿಸುತ್ತದೆ. ಮೊದಲ ವಾರ ಅವರು ನನ್ನನ್ನು ಕಲ್ಲುಮನಸ್ಸಿನವನು ಎಂದುಕೊಂಡಿರಬೇಕು. ಆಮೇಲೆ ಪುರಾಣ ತಾನಾಗಿ ಚಿಕ್ಕದಾಯಿತು. ಇನ್ನೂ ಮೊಳಕೆಯೊಡೆಯುತ್ತಿರುವ ಯೋಜನೆಗಳನ್ನಂತೂ ಅವರ ಕಿವಿಗೆ ಹಾಕುತ್ತಲೇ ಇರಲಿಲ್ಲ.

ಒಂದು ಮಾತು: ಹಿಂದೆ ಹಾಗಿರದಿದ್ದವರು ಎರಡು ವಾರಕ್ಕೂ ಮೀರಿ ಮಂಕಾಗಿದ್ದು, ನಿದ್ದೆ, ಹಸಿವು, ಆಸಕ್ತಿ ಎಲ್ಲವೂ ಕುಂದಿದ್ದರೆ ಅದು ಖಿನ್ನತೆ ಇರಬಹುದು. ಅಲ್ಲಿ ನನ್ನ ಈ ಉಪಾಯ ನಡೆಯದು, ವೈದ್ಯರ ಬಳಿ ಜೊತೆಯಲ್ಲೇ ಹೋಗಿ.

ನಮ್ಮವರದು ಹುಟ್ಟುಗುಣ. ಅದಕ್ಕೂ ಒಂದು ಉಪಯೋಗ ಕಂಡುಕೊಂಡೆ. ವಾರ್ಷಿಕ ವರದಿ ಒಪ್ಪಿಸುವ ಮುನ್ನ ಅವರ ಕೈಗಿಟ್ಟು, "ಇದರಲ್ಲಿ ಎಲ್ಲೆಲ್ಲಿ ಎಡವಟ್ಟಾಗಬಹುದು, ಹೇಳಿ" ಎಂದೆ. ಮೊಸರಲ್ಲಿ ಕಲ್ಲು ಹುಡುಕುವ ಕಣ್ಣಿಗೆ ನಿಜವಾದ ಕಲ್ಲು ಸಿಗದೇ ಇರುತ್ತದೆಯೇ? ಮೂರನೆಯ ಪುಟದ ಮೊತ್ತ ತಪ್ಪಿರುವುದನ್ನು ಹತ್ತೇ ನಿಮಿಷದಲ್ಲಿ ಹಿಡಿದು, ಪೆನ್ಸಿಲಿನಲ್ಲಿ ಗುಂಡಗೆ ಸುತ್ತು ಹಾಕಿ ಕೊಟ್ಟರು. ನಾನು ಮನಸಾರೆ ಧನ್ಯವಾದ ಹೇಳಿದರೆ, "ಇರಲಿ ಬಿಡಿ, ಹೇಗೂ ಇದನ್ನು ಯಾರೂ ಓದುವುದಿಲ್ಲ" ಎಂದರು.