ರಾಜೀನಾಮೆ ಆಮೇಲೆ ಕೊಡು, ಮೊದಲು ಜರ್ಮನ್ ಕಲಿ

ತಮ್ಮಾ, ಹಾಸನದ ಬ್ಯಾಂಕಿನಲ್ಲಿ ಸಾಲದ ವಿಭಾಗ, ವಯಸ್ಸು 29, ಟಾರ್ಗೆಟ್ ಸಾಕಾಗಿ ಹೋಗಿದೆ ಅಂತ ಬರೆದಿದ್ದೀಯ. ಕೆಲಸ ಬಿಟ್ಟು ಜರ್ಮನಿಗೆ ಬಂದು ಸಮಾಜಸೇವೆ ಮಾಡಬೇಕು, ನಾಲ್ಕು ದೇಶದ ಜನರ ಜೊತೆ ಬದುಕಬೇಕು, ಆಗುತ್ತಾ ಅಂತ ಕೇಳಿದ್ದೀಯ. ಆಗುತ್ತೆ. ಆದರೆ ರಾಜೀನಾಮೆ ಈಗಲೇ ಕೊಡಬೇಡ.

ನಾನೂ ಹಾಸನದಲ್ಲಿ ಕಾಫಿ ಕ್ಯೂರಿಂಗ್ ವರ್ಕ್ಸ್‌ನಲ್ಲಿ ಲೆಕ್ಕ ಬರೆಯುತ್ತಿದ್ದವಳೇ. ಈಗ ಬಾನ್ ಊರಿನ ಒಂದು ವೃದ್ಧಾಶ್ರಮದಲ್ಲಿ ನರ್ಸ್. ಮೂರು ವರ್ಷದ ಆಸ್‌ಬಿಲ್ಡುಂಗ್, ಅಂದರೆ ಸ್ಟೈಪೆಂಡ್ ಕೊಟ್ಟು ಕಲಿಸುವ ತರಬೇತಿ, ಮುಗಿಸಿ ಇದಕ್ಕೆ ಬಂದೆ.

ನಿನಗೆ ಸುಲಭದ ದಾರಿ ಬಿಎಫ್‌ಡಿ, ಅಂದರೆ ಇಲ್ಲಿನ ಸರ್ಕಾರದ ಸ್ವಯಂಸೇವೆ ಯೋಜನೆ. ಪೂರ್ತಿ ಹೆಸರು ಹೇಳಲು ನಾಲಿಗೆ ಹೊರಳುವುದಿಲ್ಲ, ಬಿಡು. 2011ರಲ್ಲಿ ಇಲ್ಲಿ ಕಡ್ಡಾಯ ಸೈನ್ಯಸೇವೆ ನಿಂತಿತು. ಸೈನ್ಯದ ಬದಲು ಆಸ್ಪತ್ರೆ, ಆಶ್ರಮಗಳಲ್ಲಿ ದುಡಿಯುತ್ತಿದ್ದ ಹುಡುಗರೂ ಆಗ ಇಲ್ಲದಂತಾದರು. ಆ ಜಾಗ ತುಂಬಲು ಶುರು ಮಾಡಿದ ಯೋಜನೆ ಇದು. ಸಾಮಾನ್ಯವಾಗಿ ಒಂದು ವರ್ಷ, ವಯಸ್ಸಿನ ಮಿತಿ ಇಲ್ಲ. ಎಫ್‌ಎಸ್‌ಜೆ ಅಂತ ಇಂಥದ್ದೇ ಸ್ವಯಂಸೇವೆ ಇನ್ನೊಂದಿದೆ, ಅದು 27 ತುಂಬದವರಿಗೆ. ಮೊದಲು ಇಲ್ಲಿನ ಸಂಸ್ಥೆಯ ಜೊತೆ ಒಪ್ಪಂದ ಆಗಬೇಕು, ವೀಸಾ ಆಮೇಲೆ. ಆರೋಗ್ಯ ವಿಮೆ ಇರುತ್ತೆ, ಕೈಗೆ ಬರುವುದು ಬರೀ ಪಾಕೆಟ್ ಮನಿ. ಊಟ, ರೂಮು ಕೆಲವು ಕಡೆ ಕೊಡುತ್ತಾರೆ, ಕೆಲವು ಕಡೆ ಇಲ್ಲ. ಊರಿಗೆ ದುಡ್ಡು ಕಳಿಸುವ ಆಸೆ ಇಟ್ಟುಕೊಳ್ಳಬೇಡ. ಕಂತು ಗಿಂತು ಇದ್ದರೆ ತೀರಿಸಿ ಬಾ. ಅದನ್ನು ನಿನಗೆ ನಾನು ಹೇಳಬೇಕಾ!

ವಿಶ್ವಸಂಸ್ಥೆಯ ಸ್ವಯಂಸೇವಕ ಕಾರ್ಯಕ್ರಮದ ಮುಖ್ಯ ಕಚೇರಿ ಬಾನ್‌ನಲ್ಲೇ ಇದೆ. ಹಾಗಂತ ಇಲ್ಲಿಗೇ ಕರೆಸಿಕೊಳ್ಳುತ್ತಾರೆ ಅಂದುಕೊಳ್ಳಬೇಡ, ಬೇರೆ ಬೇರೆ ದೇಶಗಳಿಗೆ ಕಳಿಸುತ್ತಾರೆ. ಸಂಬಳ ಅಲ್ಲ, ಬದುಕಲು ಭತ್ಯೆ. ಸ್ತ್ರೀಶಕ್ತಿ ಸಂಘಗಳ ಸಾಲ ನೋಡಿಕೊಂಡಿದ್ದೀಯಲ್ಲ, ಆ ಅನುಭವಕ್ಕೆ ಅಲ್ಲಿ ಬೆಲೆ ಇದೆ. ನನ್ನ ಕೇಳಿದರೆ ನಿನಗೆ ಇದೇ ಜಾಸ್ತಿ ಹೊಂದುತ್ತೆ. ಅರ್ಜಿಗೆ ಫೀಸ್ ಇಲ್ಲ. ದುಡ್ಡು ಕೇಳುವ ಏಜೆಂಟ್ ಸಿಕ್ಕರೆ ಎದ್ದು ಬಾ. ಹಣ ಕಟ್ಟಿಸಿಕೊಂಡು ಎರಡು ವಾರ ಮಕ್ಕಳ ಜೊತೆ ಫೋಟೊ ತೆಗೆಸುವ ಪ್ಯಾಕೇಜುಗಳ ಹತ್ತಿರವೂ ಸುಳಿಯಬೇಡ.

ಇನ್ನು ಜರ್ಮನಿಗೇ ಬರುವುದಾದರೆ, ಭಾಷೆ. ಎಲ್ಲ ನಿಂತಿರುವುದೇ ಅದರ ಮೇಲೆ. ಬೆಳಿಗ್ಗೆ ಅಜ್ಜಿಯರಿಗೆ ಬಿಗಿ ಕಾಲುಚೀಲ ಹಾಕುತ್ತೇವೆ. ಹಾಸಿಗೆಯಿಂದ ಇಳಿಯುವ ಮುಂಚೆ, ಕಾಲು ಊದುವ ಮೊದಲೇ ಹಾಕಬೇಕು. ಹಿಮ್ಮಡಿ ಸರಿಯಾಗಿ ಕೂರಿಸಿ, ಎಲ್ಲೂ ಮಡಿಕೆ ಬೀಳದ ಹಾಗೆ ಮೇಲಕ್ಕೆ ಎಳೆಯಬೇಕು. ಈ ಕೈಕೆಲಸ ಬೇಗ ಬರುತ್ತೆ. ಆದರೆ ಅಜ್ಜಿ ಹಲ್ಲಿನ ಸೆಟ್ ಇಲ್ಲದ ಬಾಯಲ್ಲಿ, ಈ ಸೀಮೆಯ ಆಡುಮಾತಿನಲ್ಲಿ ಏನೋ ಅಂದಳು ಅನ್ನು. ಕಾಲು ನೋಯುತ್ತಿದೆ ಅಂದಳೋ, ನಾಳೆ ಮಗ ಬರುತ್ತಾನೆ ಅಂದಳೋ ಗೊತ್ತಾಗದೆ ಸುಮ್ನೆ ತಲೆ ಆಡಿಸಿದರೆ, ಅಲ್ಲಿ ಸೇವೆ ಯಾರು ಯಾರಿಗೆ ಮಾಡಿದ ಹಾಗಾಯಿತು? ಭಾಷೆ ಬಾರದೆ ಬಂದವರನ್ನು ಇಲ್ಲಿನ ಮುದುಕರೇ ಸಂಭಾಳಿಸುತ್ತಾರೆ, ನೋಡಿದ್ದೇನೆ. ಆನ್‌ಲೈನ್ ಕ್ಲಾಸು ಹಾಸನದಲ್ಲೇ ಕುಳಿತು ಮಾಡು, ಪರೀಕ್ಷೆಗೆ ಬೆಂಗಳೂರಿನ ಮ್ಯಾಕ್ಸ್ ಮುಲ್ಲರ್ ಭವನಕ್ಕೆ, ಅಂದರೆ ಜರ್ಮನ್ ಕಲಿಸುವ ಸಂಸ್ಥೆಗೆ, ಹೋಗಿ ಬಾ. ಬಿ1, ಅಂದರೆ ದಿನದ ಮಾತುಕತೆ ನಡೆಸುವಷ್ಟು ಜರ್ಮನ್ ಬರುವ ಹಂತ, ಆಗುವ ತನಕ ಬ್ಯಾಂಕು ಬಿಡಬೇಡ.

ಅಲ್ಲಿಯವರೆಗೆ ಭಾನುವಾರ ನಿಮ್ಮೂರಿನ ಯಾವುದಾದರೂ ವೃದ್ಧಾಶ್ರಮಕ್ಕೆ ಹೋಗು. ಹುಟ್ಟುಹಬ್ಬಕ್ಕೆ ಊಟ ಹಾಕಿಸಿ ಬರುವ ಥರ ಅಲ್ಲ. ಸ್ನಾನ ಮಾಡಿಸು, ಹಾಸಿಗೆ ಬಟ್ಟೆ ಬದಲಿಸು, ವಾಸನೆ ಸಹಿಸಿಕೋ. ನಾಲ್ಕನೇ ಭಾನುವಾರವೂ ಹೋಗಬೇಕು ಅನ್ನಿಸಿದರೆ ಆಮೇಲೆ ಮಾತಾಡೋಣ. ಮಾಡಿದ್ದಕ್ಕೆ ಅವರಿಂದ ಒಂದು ಪತ್ರ ಬರೆಸಿಕೋ, ಅರ್ಜಿಗೆ ಬೇಕಾಗುತ್ತೆ.

ಅಮ್ಮ ಅಳುತ್ತಾರೆ ಅಂದಿದ್ದೀಯ. ನಮ್ಮಮ್ಮನೂ ಅತ್ತಿದ್ದರು. ಅಪ್ಪನಿಗೆ ಒಂದು ವರ್ಷದ ಖರ್ಚಿನ ಲೆಕ್ಕ ಬರೆದು ತೋರಿಸು, ಅರ್ಧ ಜಗಳ ಅಲ್ಲೇ ಮುಗಿಯುತ್ತೆ. ಮುದ್ದೆ ಸಿಗುತ್ತಾ ಅಂತಲೂ ಕೇಳಿದ್ದೀಯ. ದೊಡ್ಡ ಊರುಗಳ ಇಂಡಿಯನ್ ಅಂಗಡಿಗಳಲ್ಲಿ ರಾಗಿಹಿಟ್ಟು ಸಿಗುತ್ತೆ. ಮುದ್ದೆಕೋಲು ಮಾತ್ರ ಮನೆಯಿಂದಲೇ ತಗೊಂಡು ಬಾ.