ಅಂಕಪಟ್ಟಿಯೇ ಇಲ್ಲದ ಕ್ವೇಕರ್ (ಒಂದು ಕ್ರೈಸ್ತ ಪಂಥ) ಶಾಲೆಯಲ್ಲಿ ಮಗು ಏನು ಕಲಿತಿದೆ ಅಂತ ಅಪ್ಪ ಅಮ್ಮನಿಗೆ ಗೊತ್ತಾಗುವುದು ಹೇಗೆ?

ಮಗು ಮಾಡಿದ ಕೆಲಸವನ್ನೇ ನೋಡಿ. ಅಮೆರಿಕದ ಹಲವು ಸಣ್ಣ ಕ್ವೇಕರ್ ಶಾಲೆಗಳು ಕೆಳಗಿನ ತರಗತಿಗಳಲ್ಲಿ ಅಂಕ, ರ‍್ಯಾಂಕ್ ಕೊಡುವುದಿಲ್ಲ. ಬದಲಿಗೆ ಟೀಚರ್ ಬರೆದ ವಿವರವಾದ ವರದಿ ಮನೆಗೆ ಬರುತ್ತದೆ. 17ನೇ ಶತಮಾನದ ಇಂಗ್ಲೆಂಡಿನಲ್ಲಿ ಹುಟ್ಟಿದ ಈ ಪಂಥದ ನಂಬಿಕೆಯ ಪ್ರಕಾರ ದೇವರ ಬೆಳಕು ಪ್ರತಿಯೊಬ್ಬರೊಳಗೂ ಇದೆ. ಹಾಗಿರುವಾಗ ಮಕ್ಕಳನ್ನು ಸಾಲಾಗಿ ನಿಲ್ಲಿಸಿ ಮೊದಲನೆಯವರು, ಕೊನೆಯವರು ಅನ್ನುವುದು ಕ್ವೇಕರರಿಗೆ ಒಗ್ಗದು.

ಪೋಷಕರ ಭೇಟಿಯಲ್ಲಿ ಎಷ್ಟೋ ಕಡೆ ಮಾತಾಡುವುದು ಮಗುವೇ, ತನ್ನ ಫೈಲ್ ಬಿಚ್ಚಿಟ್ಟುಕೊಂಡು. ಸೆಪ್ಟೆಂಬರಿನ ಪ್ರಬಂಧವನ್ನೂ ಮಾರ್ಚಿನದನ್ನೂ ಪಕ್ಕಪಕ್ಕ ಇಡಿಸಿ. ಮೂರು ಸಾಲು ಎರಡು ಪುಟವಾಗಿರಬಹುದು. ಹೊಡೆದುಹಾಕಿ ತಿದ್ದಿದ ಗುರುತಿದ್ದರೆ ಅಂಕಕ್ಕಿಂತ ಅದೇ ಹೆಚ್ಚು ಹೇಳುತ್ತದೆ. ‘ಕ್ಲಾಸಿಗೆ ಎಷ್ಟನೆಯವನು?’ ಅಂದರೆ ಮಗು ಬಾಯಿ ಬಿಡುವುದಿಲ್ಲ. ‘ಈ ಸಾಲನ್ನು ಯಾಕೆ ಬದಲಾಯಿಸಿದೆ?’ ಅಂತ ಕೇಳಿ.